ಅರವತ್ತು ಪೌಂಡು ಗಾಳಿ

ಫರ್ನಿಚರ್ ಅಂಗಡಿಯ ಲಕ್ಕಿ ಡ್ರಾದಲ್ಲಿ
ನಾನು ಕಣ್ಣಿಟ್ಟಿದ್ದು ಮೂರನೇ ಬಹುಮಾನದ ಮಿಕ್ಸಿಗೆ.
ಬಂದದ್ದು ಎರಡನೆಯದು:
ಬೆಟ್ಟ ಹತ್ತುವ ಸೈಕಲ್ಲು, ಕಿತ್ತಳೆ ಬಣ್ಣ,
ಟೈರಿನ ಮೈತುಂಬ ಹಲಸಿನ ಮುಳ್ಳು.

ದುರ್ಗದಲ್ಲಿ ಬೆಟ್ಟಕ್ಕೇನೂ ಬರವಿಲ್ಲ.
ನಾನು ಹೋಗಬೇಕಾದದ್ದು ಮಾತ್ರ
ಹಟ್ಟಿಯಿಂದ ಜಿಲ್ಲಾ ಆಸ್ಪತ್ರೆಗೆ,
ಆರು ಕಿಲೋಮೀಟರು ಬರೀ ಡಾಂಬರು.
ಅಲ್ಲಿ ಏಳೂವರೆಗೇ ಚೀಟಿ ಹಿಡಿದು ಕೂತಿರುತ್ತಾರೆ
ರಾತ್ರಿಯಿಂದ ಏನೂ ಮುಟ್ಟದವರು,
ತೋಳು ಮಡಿಸಿ, ರಕ್ತ ಕೊಡಲಿಕ್ಕೆ.

ಆ ಮುಳ್ಳುಗಳು ದಾರಿಯುದ್ದಕ್ಕೂ
ಗುಂಯ್ ಅನ್ನುತ್ತಿದ್ದವು.
ಒಂದೊಂದೂ ರಸ್ತೆಯ ಸೆರಗು ಹಿಡಿದು
ಒಂದು ಮಾತಾಡಿಯೇ ಬಿಡುತ್ತಿತ್ತು.
ತೊಡೆಗಳು ಉತ್ತರ ಹೇಳಿ ಹೇಳಿ ಸೋತು
ಲ್ಯಾಬಿನ ಬೀಗ ತೆಗೆವಾಗ ಎಂಟಾಗಿರುತ್ತಿತ್ತು.
ಸಕ್ಕರೆ ಕಾಯಿಲೆಯ ಓಬಣ್ಣಜ್ಜ ಕೇಳುತ್ತಿದ್ದರು:
‘ತಾಯಿ, ಒಂದು ಗುಟುಕು ಕಾಫಿಗೆ
ಇನ್ನೂ ಎಷ್ಟು ಹೊತ್ತೈತೆ?’

ಸಂತೆಹೊಂಡದ ಹಿಂದಿನ ಓಣಿ.
ಬುಡೇನ್ ಸಾಬರು ಸೈಕಲ್ಲನ್ನು ತಲೆಕೆಳಗು ಮಾಡಿ
ಚಕ್ರ ಒಮ್ಮೆ ತಿರುಗಿಸಿ, ನಿಲ್ಲುವವರೆಗೂ ನೋಡಿದರು.
‘ಗಂಗಕ್ಕ, ಇದು ಕೆಸರಿನ ಕುದ್ರೆ.
ಕುದ್ರೆ ಬದಲಾಯಿಸೋದು ಬ್ಯಾಡ, ಲಾಳ ಬದಲಾಯಿಸಾನ.’

ಮೊಳೆಯಿಂದ ಇಳಿಸಿದರು ಮೂರು.
ಒಂದಕ್ಕೆ ನಡುವೆ ಬೈತಲೆಯಷ್ಟು ನುಣುಪು, ಅಂಚಿಗೆ ಮುಳ್ಳು:
ಎರಡೂ ಮನೆಗೆ ನೆಂಟ.
ಇನ್ನೊಂದು ಬಳೆಯಷ್ಟು ತೆಳ್ಳಗೆ:
‘ಹಾರ್ತೈತೆ, ಆದ್ರೆ ನಮ್ಮ ಗುಂಡಿ ಸಿಕ್ಕಿದ್ರೆ
ರಿಮ್ಮು ಹಪ್ಪಳ ಕಣಕ್ಕ.’
ಮತ್ತೊಂದು ಒಂದೂವರೆ ಇಂಚು, ಪೂರಾ ಬೋಳು,
ಅಂಗೈಯಲ್ಲಿ ಇರುವಂಥ ನಾಲ್ಕು ಗೆರೆ ಬಿಟ್ಟರೆ.

‘ಬೋಳು ಟೈರು ಜಾರಲ್ವಾ?’ ಅಂದೆ.
‘ಸವೆದು ಬೋಳಾಗೋದು ಬ್ಯಾರೆ,
ಹುಟ್ಟಾ ಬೋಳು ಬ್ಯಾರೆ’ ಅಂದು
ತಮ್ಮ ತಲೆ ತಾವೇ ಸವರಿಕೊಂಡರು,
ತಾವು ಯಾವ ನಮೂನೆ ಅಂತ ಹೇಳಲಿಲ್ಲ.

ಜೋಡಿಗೆ ಹದಿನಾಲ್ಕು ನೂರು, ಟ್ಯೂಬು ಬೇರೆ.
ಅರವತ್ತು ಪೌಂಡು ಗಾಳಿ ಹೊಡೆದು
ಹೆಬ್ಬೆರಳಿಂದ ಒತ್ತಿ, ಕಣ್ಣು ಮುಚ್ಚಿ, ತಲೆಯಾಡಿಸಿದರು.
ಆ ಹೆಬ್ಬೆರಳು ನನ್ನದೇ ಅನ್ನಿಸಿತು.
ನಾನೂ ಹೀಗೇ, ರಬ್ಬರು ಕಟ್ಟಿದ ತೋಳಿನ ಮಡಿಕೆಯಲ್ಲಿ
ಕಣ್ಣಿಗೆ ಕಾಣದ ನರ ಹುಡುಕುವುದು.

ಮರುದಿನ ಬೆಳಿಗ್ಗೆ ಸದ್ದೇ ಇಲ್ಲ.
ಪೆಟ್ರೋಲ್ ಬಂಕಿನ ಕುಂಟು ನಾಯಿ
ದಿನಾ ಗುಂಯ್ ಕೇಳಿ ಓಡಿ ಬರುವುದು,
ನಾನು ದಾಟಿದ ಮೇಲೆ ಕಿವಿ ನಿಮಿರಿಸಿತು,
ಮೋಸ ಹೋದ ಮುಖ ಮಾಡಿತು.
ಏಳು ನಿಮಿಷ ಉಳಿಯಿತು.
ಆ ಏಳನ್ನೂ ಓಬಣ್ಣಜ್ಜ ಕ್ಯಾಂಟೀನಿನಲ್ಲಿ
ಲೋಟದ ತಳ ಕಾಣುವವರೆಗೂ ಕುಡಿದರು, ಸಕ್ಕರೆಯಿಲ್ಲದೆ.

ಸಂಜೆ ಮಾತ್ರ ಆಷಾಢ.
ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ
ಮೂರು ಮೂರು ರೆಕ್ಕೆಯವು ಹಬ್ಬ ಮಾಡುತ್ತಿದ್ದವು.
ಕೆಳಗೆ ನಾನು, ಅತಿ ಸಣ್ಣ ಗೇರಿನಲ್ಲಿ,
ದುಪಟ್ಟಾ ಹಲ್ಲಲ್ಲಿ ಕಚ್ಚಿ.
ಇದಕ್ಕೆ ಬುಡೇನ್ ಸಾಬರ ಮೊಳೆಯಲ್ಲಿ
ಯಾವ ಟೈರೂ ತೂಗಿರಲಿಲ್ಲ.

ಒಳಗಿರುವುದೂ ಗಾಳಿ, ಹೊರಗಿರುವುದೂ ಗಾಳಿ.
ಒಳಗಿನದು ದುಡ್ಡು ಕೊಟ್ಟದ್ದು, ಲೆಕ್ಕದ್ದು,
ಬಾಯಿಗೆ ಮುಚ್ಚಳ ಹಾಕಿಸಿಕೊಂಡದ್ದು. ನಡೆ ಅನ್ನುತ್ತದೆ.
ಹೊರಗಿನದು ಯಾರ ಮಾತೂ ಕೇಳದ್ದು.
ಎದೆಗೆ ಕೈಯಿಟ್ಟು ಹಿಂದಕ್ಕೆ ದೂಡುತ್ತದೆ.
ಒಂದು ತೆಂಗಿನ ನಾರಿನ ಟ್ರಾಕ್ಟರು ಬಂತು,
ಅದರ ಬೆನ್ನಿಗೆ ಬಿದ್ದು, ನಾರಿನ ಧೂಳು ತಿನ್ನುತ್ತ
ಹಟ್ಟಿ ಸೇರಿದೆ. ಹಳೇ ಟೈರಿನಷ್ಟೇ ಹೊತ್ತು.

ಪರವಾಗಿಲ್ಲ. ಸಂಜೆ ಕಾಯುವವರ ಹೊಟ್ಟೆ ಬರಿದಲ್ಲ.

ಭಾನುವಾರ ಹೆಬ್ಬೆರಳಿಟ್ಟು ನೋಡುತ್ತೇನೆ:
ಮೊಳೆ ಚುಚ್ಚಿಲ್ಲ, ಪಂಚರಿಲ್ಲ,
ಆದರೂ ಐದಾರು ಪೌಂಡು ಇರುವುದಿಲ್ಲ.
ರಾತ್ರಿ ಯಾರಿಗೂ ಹೇಳದೆ
ಹೊರಗಿನ ಬಳಗವನ್ನು ಕೂಡಿಕೊಂಡಿರುತ್ತದೆ.
ಇರಲಿ ಅಂದು ಪಂಪು ಮೆಟ್ಟಿ ನಿಂತು
ಅದೇ ಬಳಗದಿಂದ
ಮತ್ತಿಷ್ಟನ್ನು ಹಿಡಿದು ತುಂಬುತ್ತೇನೆ.