ಸ್ಯಾಂಪಲ್

ಮೆಷಿನ್ನಿನ ಜೊತೆ ಬಂದವಳು.
ಥರ್ಮಾಕೋಲಿನ ಡಬ್ಬದಲ್ಲಿ, ವಾರಂಟಿ ಕಾರ್ಡಿನ ಪಕ್ಕ
ಒಂದು ಪಿಂಗಾಣಿ ಮಗ್ಗು, ಮಗ್ಗಿನ ಮೇಲೆ ಇವಳು:
ಅರ್ಧ ಮುಖ ಹಸಿರು, ಅರ್ಧ ಇಟ್ಟಿಗೆ,
ಕತ್ತು ಸೋರೆಕಾಯಿಯಷ್ಟು ಉದ್ದ,
ಕಣ್ಣಿನ ಜಾಗದಲ್ಲಿ ಎರಡು ಬಾದಾಮಿ, ಪಾಪೆಯಿಲ್ಲ.
ತಳದಲ್ಲಿ ಇಂಗ್ಲಿಷಿನಲ್ಲಿ ಸಣ್ಣಗೆ: ಹೆಂಗಸು, ೧೯೧೨.
ಬರೆದವನ ಹೆಸರಿನ ಮೇಲೆ ಬೆಲೆಯ ಚೀಟಿ.
ಕೆರೆದೆ. ಚೀಟಿಯ ಜೊತೆ ಹೆಸರೂ ಎದ್ದು ಬಂತು.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
‘ಮಗ್ ಪ್ರಿಂಟಿಂಗ್’ ಅಂತ ಬೋರ್ಡು ಹಾಕಿದ ವಾರ
ಇಬ್ಬರು ಒಳಗೆ ಬಂದು ಹುಡುಕಿದರು,
ಮಗ್ಗ ಎಲ್ಲಿ, ನೂಲು ಯಾವುದು ಹಾಕ್ತೀರಿ ಅಂತ.
ಆಮೇಲೆ ಮದುವೆಯವರು, ನಾಮಕರಣದವರು,
ಬೆಳ್ಳಗೆ ಮಾಡಿ, ಇನ್ನೂ ಚೂರು ಬೆಳ್ಳಗೆ ಅನ್ನುವವರು.
ಮಾಡುತ್ತೇನೆ. ಮೌಸಿನ ಒಂದು ಎಳೆತ, ಅಷ್ಟೆ.
ದುಡ್ಡು ಎಣಿಸುತ್ತಾ ಎಲ್ಲರೂ ಇವಳ ಕಡೆ ನೋಡಿ
ಇವಳಿಗೇನಾಗಿತ್ತು, ಕಾಮಾಲೆಯಾ? ಅನ್ನುತ್ತಾರೆ.

ಮೂರನೇ ಕ್ಲಾಸಿನಲ್ಲಿ ನಾನೂ ಒಂದು ಮುಖಕ್ಕೆ ಹಸಿರು ಬಳಿದಿದ್ದೆ,
ಬೇರೆ ಕ್ರೆಯಾನು ಮುಗಿದಿತ್ತು.
ಡ್ರಾಯಿಂಗ್ ಮೇಷ್ಟ್ರು ಕಿವಿ ಹಿಂಡಿದ್ದರು.
ಈಗ ಇವಳ ಕಿವಿಯ ಜಾಗದಲ್ಲಿರುವ ಹಿಡಿ ಹಿಡಿದು
ದಿನಕ್ಕೆ ನಾಲ್ಕು ಸಲ ಟೀ ಕುಡಿಯುತ್ತೇನೆ.

ಖಮರ್ ತಾಜ್ ಬಂದದ್ದು ಶುಕ್ರವಾರ, ಕರೆಂಟು ಬಂದ ಮೇಲೆ.
ಬಿಚ್ಚಾಣಿಕೆ ಶೆಡ್ಡಿನಿಂದ ನೇರ, ಸೆರಗಿನಲ್ಲಿ ಹುಳದ ವಾಸನೆ,
ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾದ ಬೆರಳು.
ಪ್ಲಾಸ್ಟಿಕ್ ಕವರಿನಿಂದ ತೆಗೆದಳು ಅಮ್ಮನ ವೋಟರ್ ಕಾರ್ಡು.
ಇದೊಂದೇ ಇರೋದು.
ದೊಡ್ಡದು ಮಾಡಿದೆ. ಹಲೀಮಾ ಬೀ
ಚೌಕ ಚೌಕವಾಗಿ ಬಿಚ್ಚಿಕೊಂಡರು.
ಕಣ್ಣಿದ್ದಲ್ಲಿ ಬೂದಿಯ ಎರಡು ಬಿಲ್ಲೆ.

ಕಣ್ಣು ಬರಲ್ಲ, ಅಕ್ಕ, ಅಂದೆ.
ಬೇರೆ ಕಣ್ಣು ಹಾಕಲಾ? ಕಂಪ್ಯೂಟರಿನಲ್ಲಿ ಥರಾವರಿ ಇವೆ.
ಅವಳು ಸ್ಯಾಂಪಲ್ ಕಡೆ ಗದ್ದ ಎತ್ತಿದಳು.
ಇವಳಿಗೂ ಇಲ್ಲ. ನೀನು ಟೀ ಕುಡೀತಿಲ್ವಾ?

ಆಮೇಲೆ ಹತ್ತಿರ ಬಂದು, ಮಗ್ಗು ತಿರುಗಿಸಿ ತಿರುಗಿಸಿ ನೋಡಿ,
ಒಲೆ ಕಡೆ ಕೆನ್ನೆ ಹಿಂಗೇ ಇರ್ತಿತ್ತು ಅಮ್ಮಂದು.
ಈ ಕಡೆ ಹಸಿರು. ಕಿಟಕಿ ಗಾಜಿಗೆ ಪೇಂಟ್ ಬಳಿದಿದ್ರಲ್ಲ, ಅದು.
ಯಾರು ಬರೆದಿದ್ದೋ.
ಒಳಗೆ ಬಂದು ನೋಡಿರಬೇಕು.

ಏನೂ ಹೇಳಲಿಲ್ಲ ನಾನು.
ಮುಖವನ್ನು ತಿರುಗುಮುರುಗು ಮಾಡಿ ಕಾಗದಕ್ಕಿಳಿಸಿದೆ,
ಬಿಳಿ ಮಗ್ಗಿಗೆ ಸುತ್ತಿ ಟೇಪು ಹಚ್ಚಿ ಒಳಗಿಟ್ಟೆ.
ನೂರಾ ಎಂಬತ್ತು ಡಿಗ್ರಿ. ನೂರಾ ಎಂಬತ್ತು ಸೆಕೆಂಡು.
ಅಷ್ಟು ಹೊತ್ತೂ ಅವಳು ಬಾಗಿಲ ಕಡೆ ನೋಡುತ್ತಿದ್ದಳು,
ಒಳಗೆ ಬಿಸಿಯಾಗುತ್ತಿರುವುದು ಯಾರೋ ಬೇರೆಯವರು ಅನ್ನುವ ಹಾಗೆ.

ಕಾಗದ ಸುಲಿದೆ. ಎತ್ತಿಕೊಂಡಳು.
ಬಿಸಿ, ಬಿಸಿ! ಅಂದೆ. ಕೇಳಲಿಲ್ಲ.
ಹಿಡಿಯನ್ನು ಬಿಟ್ಟು, ಎರಡೂ ಅಂಗೈಯಲ್ಲಿ, ಕೆನ್ನೆಗೆ ಕೈಯಿಟ್ಟ ಹಾಗೆ.
ಎಂಟನೇ ವಯಸ್ಸಿನಿಂದ ಕುದಿನೀರಲ್ಲಿ ಎಳೆಯ ತುದಿ
ಹುಡುಕಿದ ಕೈ, ಅದಕ್ಕೆ ಇದೆಲ್ಲ ಯಾವ ಲೆಕ್ಕ.

ತೊಳೆದರೆ ಹೋಗುತ್ತಾ?
ಹೋಗಲ್ಲ, ಗ್ಯಾರಂಟಿ.
ನೂರೈವತ್ತು ಕೊಟ್ಟಳು, ಮೂವತ್ತು ಚಿಲ್ಲರೆಯಲ್ಲಿ.
ಮಗ್ಗನ್ನು ಡಬ್ಬಕ್ಕೆ ಹಾಕಲು ಬಿಡದೆ ಸೆರಗಲ್ಲಿ ಸುತ್ತಿಕೊಂಡು ಹೊರಟಳು.

ರಾತ್ರಿ ಷಟರ್ ಎಳೆಯುವ ಮುಂಚೆ
ಸ್ಯಾಂಪಲ್ ತೊಳೆಯುವಾಗ ಕಂಡಿತು:
ನಾನು ಬಾಯಿಟ್ಟು ಕುಡಿಯುವ ಕಡೆ
ಅವಳ ಹಣೆ ಸವೆದು ಬಿಳಿಯಾಗಿದೆ.
ಒಂದು ಉಗುರಿನಷ್ಟು.
ನಾಳೆಯಿಂದ ತಿರುಗಿಸಿ ಕುಡಿಯಬೇಕು ಅಂದುಕೊಂಡೆ,
ಎಡಗೈಯಲ್ಲಿ.