ಯಾವ ಗೆರೆ ಉದ್ದ

ಮಾಲ್ದಾರೆ ಶಾಲೆಗೆ ಆ ಬುಧವಾರ ಬಂದವರು
ಗುಂಪಿನ ನಡವಳಿಕೆ ಅಳೆಯುವವರು.
ಕೈಯಲ್ಲಿ ರಟ್ಟಿನ ಕಾರ್ಡು, ಹದಿನೆಂಟು ಜೊತೆ ಗೆರೆ,
ಒಂದು ಸ್ಟಾಪ್‌ವಾಚು, ಎರಡು ಡಬ್ಬ ಕ್ರೀಮ್ ಬಿಸ್ಕತ್ತು.
ಹೆಡ್‌ಮಾಸ್ಟರ್ ತಮ್ಮಯ್ಯ ನನ್ನನ್ನೇ ಒಪ್ಪಿಸಿದರು:
“ಸಮಾಜ ವಿಜ್ಞಾನ ನಿಮ್ಮ ಸಬ್ಜೆಕ್ಟೇ ಅಲ್ಲವೇನ್ರೀ?”

ಆಟ ಹೀಗೆ:
ಏಳು ಮಕ್ಕಳ ಕಿವಿಯಲ್ಲಿ ಮೊದಲೇ ಊದಿರಬೇಕು,
ಗಿಡ್ಡ ಗೆರೆಯನ್ನೇ ಉದ್ದ ಅನ್ನಿ ಎಂದು.
ಎಂಟನೆಯದಕ್ಕೆ ಏನೂ ಗೊತ್ತಿರಬಾರದು.
ಅದು ತನ್ನ ಕಣ್ಣನ್ನು ನಂಬುತ್ತದೋ
ಏಳು ಬಾಯಿಗಳನ್ನು ನಂಬುತ್ತದೋ, ಬರೆದುಕೊಳ್ಳುವುದು.

ಸುಳ್ಳಾಡುವ ಏಳು ಮಕ್ಕಳನ್ನು ನಾನೇ ಆರಿಸಿಕೊಟ್ಟೆ.
ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಒಂದು ಪಾಠ
ಇಷ್ಟು ಸಲೀಸಾಗಿ ತಲೆಗೆ ಹತ್ತಿದ್ದು ನೋಡಿರಲಿಲ್ಲ.
ರಂಷಾದ್ ಎರಡನೆಯ ಸಲಕ್ಕೇ ಅಭಿನಯ ಸೇರಿಸಿದ,
ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ,
ಯೋಚಿಸಿ ಯೋಚಿಸಿ “ಎಡಗಡೆಯದೇ” ಅಂದ.
ದೇಚಕ್ಕ ನಗು ತಡೆಯಲು ಜಡೆ ಕಚ್ಚಿಕೊಂಡಳು.

ಎಂಟನೆಯವಳು ಬೊಳ್ಳಿ.
ಎಸ್ಟೇಟಿನ ಕೆಳಗಿನ ಲೈನಿನಿಂದ ಬರುವವಳು,
ಮೆಣಸು ಕೊಯ್ಲಿನ ತಿಂಗಳಲ್ಲಿ ಬಾರದವಳು,
ನನ್ನ ಹಾಜರಿ ಪುಸ್ತಕದಲ್ಲಿ ಮಾತ್ರ
ವರ್ಷವಿಡೀ ಬಂದವಳು.

“ಯಾವ ಲೈನ್ ಉದ್ದ, ಪುಟ್ಟಾ?”
ಎಡಗಡೆಯದು, ಎಡಗಡೆಯದು, ಏಳೂ ಬಾಯಿ ಸಾಲಾಗಿ.
ಬೊಳ್ಳಿ ಕಾರ್ಡು ನೋಡಿದಳು, ಮೇಡಮ್ಮನ್ನು ನೋಡಿದಳು,
ಕಿಟಕಿಯಾಚೆ ಬಿಸಿಲು ಎಲ್ಲಿಗೆ ಬಂತೆಂದು ನೋಡಿದಳು.
“ಎಡಗಡೆಯದು.”
ಹದಿನೆಂಟು ಕಾರ್ಡಿಗೂ ಅವರು ಅಂದದ್ದೇ,
ಕೊನೆಕೊನೆಗೆ ಕಾರ್ಡಿನತ್ತ ನೋಡದೆಯೇ.

“ಶುದ್ಧ ಅನುಸರಣೆ,” ಸುನೇತ್ರಾ ಮೇಡಂ ಪಿಸುಗುಟ್ಟಿದರು,
ಹೆಜ್ಜೇನು ಸಿಕ್ಕವರ ಮುಖದಲ್ಲಿ.
ಅಂಚಿನ ಸಮುದಾಯ, ಆತ್ಮವಿಶ್ವಾಸದ ಕೊರತೆ,
ಪೆನ್ನು ಓಡುತ್ತಿತ್ತು ಇಳಿಜಾರಿನ ಜೀಪಿನ ಹಾಗೆ.
ತಮ್ಮಯ್ಯ ಹೌದೆಂದು ತಲೆಯಾಡಿಸಿದರು.
ಪೊನ್ನವ್ವ ಟೀಚರ್ ಆಡಿಸಿದರು.
ನನ್ನ ತಲೆಯೂ ಆಡುತ್ತಿತ್ತು, ಆಮೇಲೆ ಗಮನಿಸಿದೆ.
ನಮಗೆ ಯಾರೂ ಕಾರ್ಡು ತೋರಿಸಿರಲಿಲ್ಲ.

ಬಿಸ್ಕತ್ತು ಹಂಚುವಾಗ ಮೆಲ್ಲಗೆ ಕೇಳಿದೆ,
ನಿನ್ನ ಕಣ್ಣಿಗೆ ಯಾವುದು ಉದ್ದ ಕಂಡಿತ್ತು?
“ಆಚೆಯದೇ ಸಾರ್. ಕುರುಡಿಯಾ ನಾನು?
ಬೇರೆ ಹೇಳಿದ್ರೆ ಯಾಕೆ ಅಂತ ಕೇಳ್ತಾರೆ,
ಯಾಕೆ ಅಂತ ಹೇಳ್ತಾ ಕೂತ್ರೆ ಹೊತ್ತಾಗ್ತದೆ,
ನಾಲ್ಕೂವರೆಗೆ ಜೀಪು ಹೋಗ್ತದೆ,
ಹೋದ್ರೆ ನಡೀಬೇಕು.
ನಿನ್ನೆ ಗೇಟಿನ ಹತ್ರ ಮೂರು ಇದ್ದವು. ಒಂದು ಮರಿ.”

ಮೂರು ಏನು ಎಂದು ಈ ಊರಲ್ಲಿ ಯಾರೂ ಕೇಳುವುದಿಲ್ಲ.

ಮೇಡಮ್ಮಿಗೆ ಹೇಳಲು ಓಡಿದೆ.
ಕಾರಿನ ಗಾಜು ಅರ್ಧ ಇಳಿಸಿ ಕೇಳಿಸಿಕೊಂಡರು:
“ಚೆನ್ನಾಗಿದೆ ಸಾರ್, ಆದರೆ ಆನೆಗೆ
ನಮ್ಮ ಫಾರಮ್ಮಿನಲ್ಲಿ ಕಾಲಂ ಇಲ್ಲ.”

ಗೆದ್ದವನಂತೆ ಮನೆಗೆ ಬಂದೆ. ಹೆಂಡತಿಗೆ ಹೇಳಿದೆ,
ಗೋಣಿಕೊಪ್ಪದ ತರಬೇತಿಯಲ್ಲಿ ಮೈಕು ಹಿಡಿದೂ ಹೇಳಿದೆ,
ಪಂಡಿತರನ್ನು ಆನೆ ಕೆಡವಿದ ಕಥೆ.
ಎಲ್ಲರೂ ನಕ್ಕರು.
ಎಲ್ಲರೂ ನಕ್ಕದ್ದರಿಂದ ನಾನೂ ನಂಬಿದೆ.

ಮೊನ್ನೆ ಕಿರುಪರೀಕ್ಷೆಯ ಹಾಳೆ ತಿದ್ದುತ್ತಿದ್ದೆ.
ಸಮಾಜ ಎಂದರೇನು?
ಮೂವತ್ತೊಂದು ಹಾಳೆಯಲ್ಲೂ ಒಂದೇ ವಾಕ್ಯ,
ನಾನು ಬೋರ್ಡಿನಲ್ಲಿ ಬರೆದದ್ದು,
‘ಸಂಭಂದ’ ಎಂಬ ನನ್ನ ಕೈತಪ್ಪಿನ ಸಮೇತ.
ಎಲ್ಲಕ್ಕೂ ಸರಿ ಹಾಕುತ್ತ ಹೋದೆ.
ಬೊಳ್ಳಿಯ ಹಾಳೆಗೆ ಬಂದಾಗ ಪೆನ್ನು ನಿಂತಿತು.

ಅವತ್ತು ನಾನು ಕೇಳಿದಾಗಲೂ ಅವಳು
ನನ್ನ ಮುಖ ನೋಡಿದ್ದಳಲ್ಲವೇ, ಒಂದು ಗಳಿಗೆ,
ಮೇಡಮ್ಮನ್ನು ನೋಡಿದ ಹಾಗೆಯೇ,
ಈ ಮೇಷ್ಟ್ರಿಗೆ ಯಾವ ಉತ್ತರ ಬೇಕಾಗಿದೆ
ಎಂದು ಅಳೆಯುತ್ತ?

ಲೈನ್ ಎಂದಾಗ ಅವಳಿಗೆ ಗೆರೆಯ ಬದಲು
ಮನೆಯೇ ನೆನಪಾಗಿತ್ತೋ ಏನೋ.
ಮೇಲಿನ ಲೈನಿನಲ್ಲಿ ಹನ್ನೆರಡು ಕೋಣೆ, ಕೆಳಗಿನದರಲ್ಲಿ ಒಂಬತ್ತು.
ಎಣಿಸಿದವನು ನಾನೇ, ಜನಗಣತಿಯ ವರ್ಷ,
ರಸ್ತೆಯಲ್ಲೇ ನಿಂತು.