ಚುಕ್ಕಿ ಇಟ್ಟ ಚೆಂಡು

ಬೆಳಿಗ್ಗೆ ಏಳೂ ನಲವತ್ತಕ್ಕೆ ನಮ್ಮ ಸರದಿ.
ಮುಳ್ಳಯ್ಯನಗಿರಿ ಇನ್ನೂ ಎದ್ದಿರಲಿಲ್ಲ, ಮಂಜು ಹೊದ್ದು ಮಲಗಿತ್ತು.
ಮೈಕಿನಲ್ಲಿ ನನ್ನ ಹೆಸರು ಕರೆದರು, ಇನಿಷಿಯಲ್ ತಪ್ಪಿ;
ಊರು ಸರಿ, ಹ್ಯಾಂಡಿಕ್ಯಾಪ್ ಇಪ್ಪತ್ತೆರಡು ಎಂಬುದೂ ಸರಿ.
ಯಾರೋ ನಕ್ಕಂತಾಯಿತು. ನಗಲಿ.
ಎಂ.ಜಿ. ರಸ್ತೆಯಲ್ಲಿ ಕನ್ನಡಕ ಮಾರುವವನು
ವರ್ಷಕ್ಕೊಂದು ಭಾನುವಾರ ಬಿಳಿ ಟೋಪಿ ಹಾಕಿದರೆ
ಯಾರಿಗೇನು ನಷ್ಟ?

ಜೊತೆಗೆ ಇಬ್ಬರು: ಆಲ್ದೂರಿನ ಪ್ಲಾಂಟರ್ ಲಿಯೋ ಸಲ್ಡಾನ,
ಹೊಡೆಯುವ ಮುಂಚೆ ಶಿಲುಬೆ, ಹೊಡೆದ ಮೇಲೆ ಬೈಗುಳ;
ಕಡೂರಿನ ಡೆಂಟಿಸ್ಟ್ ಸುಹಾಸಿನಿ,
ಮಾತು ಕಡಿಮೆ, ಚೆಂಡು ನೆಟ್ಟಗೆ.
ನನ್ನ ಚೀಲ ಹೊತ್ತವನು ದ್ಯಾವಯ್ಯ.
ಮೈದಾನದಲ್ಲಿ ಮೂವತ್ತೊಂದು ವರ್ಷ.
ಮುಗಿಲಿಗೆ ಹೊಡೆದರೂ ದ್ಯಾವಯ್ಯ ಹುಡುಕಿಕೊಡುತ್ತಾನೆ
ಎಂದು ಕ್ಲಬ್ಬಿನಲ್ಲಿ ಮಾತು.
ದೊಡ್ಡವರು ಅವನನ್ನು ಮುಂಚೆಯೇ ಹೇಳಿಟ್ಟುಕೊಳ್ಳುತ್ತಾರೆ;
ಈ ಸಲ ಹೇಗೋ ನನ್ನ ಪಾಲಿಗೆ ಬಂದ.
ಹೇಗೆ ಎಂದು ನಾನು ಕೇಳಲಿಲ್ಲ.

ಮೊದಲ ಹೊಡೆತ. ಮೊಣಕೈ ಮಡಿಸಬೇಡ, ತಲೆ ಎತ್ತಬೇಡ,
ಉಸಿರು ಹಿಡಿಯಬೇಡ. ಇಷ್ಟೆಲ್ಲ ಬೇಡಗಳ ನಡುವೆ
ಚೆಂಡು ಹೇಗೋ ಹೋಯಿತು,
ಇಬ್ಬನಿಯ ಮೇಲೆ ಬಸವನಹುಳು ಎಳೆದಂಥ ಗೆರೆ ಬಿಟ್ಟು
ಅರವತ್ತು ಗಜ.
"ನೆಟ್ಗೈತೆ ಸಾ," ಎಂದ ದ್ಯಾವಯ್ಯ.
ಹೌದು, ನೆಟ್ಟಗೇ ಇತ್ತು.

ನಾಲ್ಕರಲ್ಲಿ ಮರಳಿನೊಳಗೆ ಮೂರು ಸಲ ಅಗೆದೆ.
ಏಳರಲ್ಲಿ, ದೇವರಾಣೆ, ಇಪ್ಪತ್ತಡಿಯ ಪಟ್
ತಾನೇ ದಾರಿ ಕೇಳಿಕೊಂಡು ಹೋದಂತೆ ಬಾಗಿ, ತಡೆದು,
ಅಂಚಿನಲ್ಲಿ ಒಂದು ಕ್ಷಣ ಕೂತು ಒಳಗಿಳಿಯಿತು.
ಕುಳಿಯೊಳಗಿನ ಆ ಟೊಣ್ ಎಂಬ ಸದ್ದನ್ನು
ಹೆಂಡತಿಗೆ ಫೋನಿನಲ್ಲಿ ಹೇಳಲಾಗುವುದಿಲ್ಲ.
ಸಲ್ಡಾನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ, ಅವನ ತೋಟದ್ದೇ.
ಸಕ್ಕರೆ ಕೇಳಿದ್ದಕ್ಕೆ ನೊಂದುಕೊಂಡ.

ಹತ್ತರ ನಂತರ ಬಿಸಿಲು. ಗಮನಿಸತೊಡಗಿದೆ:
ಚೆಂಡು ಹಾರಿದಾಗ ದ್ಯಾವಯ್ಯ ಮುಗಿಲು ನೋಡುವುದಿಲ್ಲ,
ಕಿವಿ ತಿರುಗಿಸುತ್ತಾನೆ.
ಸಿಲ್ವರ್ ಓಕಿನ ಎಲೆ ಸೀಳಿದ್ದೋ, ಒಣಹುಲ್ಲಿಗೆ ಬಿದ್ದದ್ದೋ,
ಕಲ್ಲಿಗೆ ತಾಗಿದ್ದೋ ಕೇಳಿ, ಆಮೇಲೆ ನಡೆಯುತ್ತಾನೆ.
ಏಳನೇ ಐರನ್ ಕೇಳಿದರೆ ಬೆರಳಿನಿಂದ ಅಂಕಿ ತಡವುತ್ತಾನೆ.
ನನ್ನನ್ನು ನೋಡುವಾಗ ಕತ್ತು ಓರೆ,
ಕಣ್ಣಿನ ಅಂಚಿನಲ್ಲಿ ಉಳಿದಿರುವ ಬೆಳಕಿಗೆ
ನನ್ನ ಮುಖ ತಂದುಕೊಳ್ಳಲು.
ಇಪ್ಪತ್ತಾರು ವರ್ಷದಿಂದ ಅಂಗಡಿಯ ಸ್ಟೂಲಿನ ಮೇಲೆ
ಇಂಥ ಎಷ್ಟು ಕತ್ತುಗಳನ್ನು ಕೂರಿಸಿಲ್ಲ.
ಇದಕ್ಕೆ ನನ್ನ ಗಾಜು ಸಾಲದು.

ಹದಿನಾಲ್ಕರಲ್ಲಿ ನನ್ನ ಚೆಂಡು ಬಲಕ್ಕೆ ತಿರುಗಿ ಲಂಟಾನದೊಳಗೆ.
ಹುಡುಕಲು ಮೂರು ನಿಮಿಷ. ಸುಹಾಸಿನಿ ವಾಚು ನೋಡಿದಳು.
ಒಬ್ಬೊಬ್ಬರು ಒಂದೊಂದು ಪೊದೆ ಬಡಿಯುತ್ತಿದ್ದೆವು. ದ್ಯಾವಯ್ಯ ಕೂಗಿದ,
"ಇಲ್ಲೈತೆ ಸಾ! ಮೂರನೇ ನಂಬರು, ಹಸಿರು ಚುಕ್ಕಿ!"
ದನಿಯಲ್ಲಿ ಮೂವತ್ತೊಂದು ವರ್ಷ.

ಬಗ್ಗಿದೆ. ಒಂದನೇ ನಂಬರು. ಚುಕ್ಕಿ ಇರಲಿಲ್ಲ,
ಯಾವುದೋ ಮಳೆಗಾಲದ ಪಾಚಿ ಇತ್ತು.
ಆಡಲು ಜಾಗ ಚೆನ್ನಾಗಿತ್ತು, ಗ್ರೀನ್ ಎದುರಿಗೇ,
ಬೇರಾರೂ ಹತ್ತಿರವಿರಲಿಲ್ಲ.
ಅರ್ಧ ಉಸಿರಿನಷ್ಟು ಹೊತ್ತು, ಸುಳ್ಳೇಕೆ, ಯೋಚಿಸಿದೆ.
ಆಮೇಲೆ ಚೆಂಡು ಜೇಬಿಗಿಳಿಸಿ ಕೂಗಿ ಹೇಳಿದೆ:
"ಇದಲ್ಲ. ಹಿಂದಿನ ಕುಳಿಯಲ್ಲೇ ಚೆಂಡು ಬದಲಿಸಿದ್ದೆ,
ದ್ಯಾವಯ್ಯನಿಗೆ ಹೇಳುವುದು ಮರೆತೆ."
ಒಂದು ಹೊಡೆತದ ದಂಡ, ಬಿಸಿಲಲ್ಲಿ ಟೀಗೆ ವಾಪಸು.
ಸಲ್ಡಾನ ಕೊಂಕಣಿಯಲ್ಲಿ ಏನೋ ಗೊಣಗಿದ.
ಆ ಕುಳಿಗೆ ಒಂಬತ್ತು.

ಒಟ್ಟು ನೂರಾ ನಾಲ್ಕು. ಸುಹಾಸಿನಿ ಬರೆದುಕೊಟ್ಟ ಕಾರ್ಡಿಗೆ
ಮೊಂಡು ಪೆನ್ಸಿಲಿನಲ್ಲಿ ಸಹಿ ಮಾಡಿದೆ.

ಕಾರಿನ ಡಿಕ್ಕಿಗೆ ಚೀಲ ಇಟ್ಟು ದ್ಯಾವಯ್ಯ
ಕೊಟ್ಟ ಹಣ ಎಣಿಸಲಿಲ್ಲ,
ಒಂದೊಂದೇ ನೋಟು ಮಡಚಿ ಉದ್ದ ಅಳೆದುಕೊಂಡ.
"ಚೆಂಡು ನೀವು ಬದಲಾಯ್ಸಿರ್ಲಿಲ್ಲ ಸಾ.
ಬದಲಾಯ್ಸಿದ್ರೆ ಹೊಡ್ದ ಸದ್ದೇ ಬ್ಯಾರೆ ಬತ್ತದೆ."
ಸೋಮವಾರ ಅಂಗಡಿಗೆ ಬಾ ಎಂದೆ.
"ಬಂದ್ರೆ ಗೊತ್ತಾಗೋಯ್ತದಲ್ಲ," ಎಂದ.
ಯಾರಿಗೆ ಎಂದು ಕೇಳುವಷ್ಟರಲ್ಲಿ
ಹದಿನೆಂಟರ ಕಡೆ ಕಿವಿ ತಿರುಗಿಸಿದ್ದ.
ಅಲ್ಲಿ ಯಾರದೋ ಕೊನೆಯ ಪಟ್.

"ಬಿತ್ತು," ಎಂದ.
ಚಪ್ಪಾಳೆ ಆಮೇಲೆ ಕೇಳಿಸಿತು.